ಕುಗ್ಗಿದ ಕಂಬ

"ಮುರೊಯಿ ಸಾನ್, ಐದು ಗಂಟೆಗೆ ನನ್ನನ್ನ ಪೊಲೀಸರಿಗೆ ಕೊಡ್ತಾರಂತೆ! ನಾನು ಅದನ್ನ ಮುಟ್ಟೂ ಇಲ್ಲ!"

ತಮಾಯೆ ಮುರೊಯಿಯ ಮನೆಯ ಹೊಸ್ತಿಲಲ್ಲೇ ಕುಸಿದು ಕೂತಳು. ಹತ್ತೊಂಬತ್ತು ವರ್ಷಗಳಿಂದ ನಮ್ಮ ಯನಾಕಾ ಛಾಯಾಗ್ರಾಹಕರ ಸಂಘವನ್ನು ನೋಡಿಕೊಳ್ಳುತ್ತಿದ್ದವಳು, ಸಂಘದ ಹಿಂಬದಿಯ ಕೋಣೆಯೇ ಅವಳ ಮನೆ. ನಾನು ಆ ಸಂಘದ ಸದಸ್ಯ, ಅವಳ ಹಿಂದೆಯೇ ಬಂದಿದ್ದೆ. ಮುರೊಯಿ ಪತ್ರಿಕೆಯೊಂದರ ಕತ್ತಲಕೋಣೆಯಲ್ಲಿ ಮೂವತ್ತು ವರ್ಷ ಚಿತ್ರ ಮುದ್ರಿಸಿ ನಿವೃತ್ತಳಾದ ಹೆಂಗಸು. ಆಕೆಯ ಕಣ್ಣು ತಪ್ಪಿಸಿದ ಕಳ್ಳನನ್ನು ನಾನಂತೂ ಕಂಡಿಲ್ಲ. ಆಗಲೇ ನಾಲ್ಕು ಗಂಟೆಯಾಗಿತ್ತು.

"ಕುವಾತಾ, ನಡೆದದ್ದು ಹೇಳಿ," ಎಂದಳು ಮುರೊಯಿ ನನಗೆ.

ಹೇಳಿದೆ. ತೀರಿಹೋದ ನಮ್ಮ ಗುರುಗಳ ಇಪ್ಪತ್ತೊಂದು ಮಿಲಿಮೀಟರಿನ ಲೆನ್ಸನ್ನು ಅವರ ಹೆಂಡತಿಗೆ ಮರಳಿಸಬೇಕಿತ್ತು. ಅದಕ್ಕೆ ಮುಂಚೆ ಮೂವತ್ತೈದು, ಇಪ್ಪತ್ತೆಂಟು, ಇಪ್ಪತ್ತೊಂದು ಈ ಮೂರೂ ಲೆನ್ಸುಗಳಲ್ಲಿ ಒಂದೇ ಬೀದಿಯನ್ನು ತೆಗೆದು ಹೋಲಿಸೋಣ ಎಂದುಕೊಂಡೆವು. ಹೋದ ಭಾನುವಾರ ಸದಸ್ಯ ಹೊಜುಮಿ ಸಂಘದ ಅಂಗಳದಲ್ಲಿ ಸೀಮೆಸುಣ್ಣದ ಗುರುತಿನ ಮೇಲೆ ಮುಕ್ಕಾಲಿ ಇಟ್ಟು ಒಬ್ಬನೇ ತೆಗೆದ. ನಾವು ಮಹಡಿಯಲ್ಲಿ ಹರಟುತ್ತಿದ್ದೆವು. ಎರಡು ಗಂಟೆಗೆ ಮಹಡಿಗೆ ಬಂದು ಗುರುಗಳ ಲೆನ್ಸಿನ ಪೆಟ್ಟಿಗೆ ಮುಚ್ಚಿದ. ಎಲ್ಲರೂ ಒಟ್ಟಿಗೆ ಸೋಬಾ ನೂಡಲ್ಸ್ ತಿನ್ನಲು ಹೋದೆವು. ಉಳಿದವಳು ತಮಾಯೆ ಮಾತ್ರ. ಮೂರಕ್ಕೆ ಬಂದಾಗ ಪೆಟ್ಟಿಗೆ ಖಾಲಿ.

"ಅವನು ಬಂದಾಗ ಕ್ಯಾಮೆರಾದಲ್ಲಿ ಆ ಲೆನ್ಸಿತ್ತಾ?"

"ಇತ್ತಲ್ಲ. ಮೇಲೆ ಅದರ ಫೈಂಡರ್ ಕೂತಿತ್ತು."

ನಮ್ಮ ರೇಂಜ್‌ಫೈಂಡರ್ ಕ್ಯಾಮೆರಾಗಳಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ. ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ನೋಟ ಅಗಲ; ಅಷ್ಟು ಅಗಲದ ಲೆನ್ಸಿಗೆ ಚೌಕಟ್ಟು ನೋಡಲು ಬೇರೆಯೇ ಒಂದು ಫೈಂಡರನ್ನು ಕ್ಯಾಮೆರಾದ ತಲೆಯ ಮೇಲೆ ಸಿಕ್ಕಿಸುತ್ತೇವೆ.

"ಹಾಗಾದ್ರೆ ನೋಡಿದ್ದು ಫೈಂಡರನ್ನ," ಎಂದು ಮುರೊಯಿ ಚಪ್ಪಲಿ ಮೆಟ್ಟಿದಳು.

ಸಂಘದ ಗೋಡೆಯ ಮೇಲೆ ಭಾನುವಾರದ ಮೂರು ಚಿತ್ರಗಳಿದ್ದವು, ಮೂವತ್ತೈದರಿಂದ ಇಪ್ಪತ್ತೊಂದರ ತನಕ ಕ್ರಮವಾಗಿ. ಮೊದಲನೆಯದರಲ್ಲಿ ಬೀದಿಯ ಈಚೆಯ ಗಿಡ್ಡ ದೀಪದ ಕಂಬದ ತುದಿ ಎದುರು ಮನೆಯ ಮಹಡಿಯ ಕಟಾಂಜನಕ್ಕೆ ತಾಗಿತ್ತು. ಎರಡನೆಯದು ಇನ್ನಷ್ಟು ಅಗಲ, ಕಂಬ ಅಲ್ಲೇ. ಮೂರನೆಯದು ಎಲ್ಲಕ್ಕಿಂತ ಅಗಲ, ಕಂಬದ ತುದಿ ಕೆಳಗಿನ ಸೂರಿನ ತನಕ ಮಾತ್ರ.

"ಸಾಕ್ಷಿ ಗೋಡೆ ಮೇಲೇ ಇದೆ," ಎಂದರು ಅಧ್ಯಕ್ಷ ಇಸೋಗೈ. "ಭಾನುವಾರ ಲೆನ್ಸಿತ್ತು. ಆಮೇಲೆ ಒಳಗಿದ್ದವಳು ಇವಳೊಬ್ಬಳೇ."

ತಮಾಯೆಯ ಗಂಟುಮೂಟೆ ಬಾಗಿಲಲ್ಲಿತ್ತು. ಗಡಿಯಾರದಲ್ಲಿ ನಾಲ್ಕೂವರೆ.

ಮುರೊಯಿ ಎಲ್ಲರನ್ನೂ ಅಂಗಳಕ್ಕೆ ಕರೆದು ಅಧ್ಯಕ್ಷರನ್ನು ಸೀಮೆಸುಣ್ಣದ ಗುರುತಿನ ಮೇಲೆ ನಿಲ್ಲಿಸಿದಳು.

"ಕಂಬದ ತುದಿ ಎಲ್ಲಿದೆ?"

"ಕಟಾಂಜನದ ಹತ್ರ."

"ಹಿಂದೆ ಬನ್ನಿ. ಇನ್ನೂ ಹಿಂದೆ. ಗೋಡೆ ತನಕ."

"ಅರೆ! ಸೂರಿಗೆ ಇಳೀತಲ್ಲ!"

"ಲೆನ್ಸ್ ಬದಲಾಯಿಸಿದ್ರೆ ಚಿತ್ರ ಅಗಲ ಆಗುತ್ತೆ, ಅಷ್ಟೇ. ಕಂಬ ಕುಗ್ಗಬೇಕಾದ್ರೆ ಕಾಲು ಹಿಂದೆ ಹೋಗ್ಬೇಕು. ಮೂರನೇ ಚಿತ್ರ ಇಪ್ಪತ್ತೊಂದರದ್ದಲ್ಲ. ಇಪ್ಪತ್ತೆಂಟನ್ನೇ ಹಾಕ್ಕೊಂಡು ಗೋಡೆಗೆ ಒರಗಿ ತೆಗೆದದ್ದು. ಯಾಕೆ? ಭಾನುವಾರ ಆ ಲೆನ್ಸ್ ಇರಲೇ ಇಲ್ಲ. ಇತ್ತು ಅಂತ ತೋರಿಸೋಕೆ ಫೈಂಡರ್ ಸಿಕ್ಕಿಸ್ಕೊಂಡು ಬಂದು, ಖಾಲಿ ಪೆಟ್ಟಿಗೆ ಮುಚ್ಚಿದ್ರಿ. ಅಲ್ವಾ ಹೊಜುಮಿ ಸಾನ್?"

ಹೊಜುಮಿ ನೆಲಕ್ಕೆ ಕುಕ್ಕರಿಸಿದ. ಚೀಲದಿಂದ ಬಟ್ಟೆಯೊಂದನ್ನು ತೆಗೆದು ಬಿಚ್ಚಿದ. ಒಳಗಿದ್ದ ಲೆನ್ಸಿನ ಗಾಜು ಸೀಳಿಹೋಗಿತ್ತು.

"ಶನಿವಾರ ಒರೆಸುವಾಗ ಕೈಜಾರಿತು. ಗುರುಗಳ ಹೆಂಡತಿಗೆ ಯಾವ ಮುಖ ತೋರಿಸ್ಲಿ? ಯಾರ ಮೇಲಾದ್ರೂ ಹೋಗ್ಲಿ ಅಂದ್ಕೊಂಡೆ..."

"ನನಗೆ ಹೇಳಿದ್ದಿದ್ರೆ ನಿಮ್ಮ ಪರವಾಗಿ ನಾನೇ ಅವರ ಕಾಲು ಹಿಡೀತಿದ್ದೆ," ಎಂದಳು ತಮಾಯೆ. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ.

ಇಸೋಗೈ ಸೊಂಟ ಬಾಗಿಸಿ ಕ್ಷಮೆ ಕೇಳಿದರು, ಒಳಗೆ ಬಾ ಎಂದರು. ಅವಳು ಗಂಟುಮೂಟೆ ಎತ್ತಿಕೊಂಡಳು. ಹತ್ತೊಂಬತ್ತು ವರ್ಷ ಅವಳ ಕೈಯ ಚಹಾ ಕುಡಿದ ನನ್ನ ಮುಂದೆ ಬಂದು ನಿಂತಳು.

"ಕುವಾತಾ ಸಾನ್, ನೀವೂ ನಂಬಿದ್ರಾ?"

ಸುಳ್ಳು ಹೇಳಬಹುದಿತ್ತು. ಮುರೊಯಿ ನನ್ನನ್ನೇ ನೋಡುತ್ತಿದ್ದಳು.

"ಹೂಂ," ಎಂದೆ.

ತಮಾಯೆ ತಲೆ ಬಾಗಿಸಿ, ಗೇಟು ತೆಗೆದು ಹೊರಟುಹೋದಳು.