ಉರಿಗುಡ್ಡದ ಹತ್ತು ಸೇವಂತಿಗೆ

ತುಂಬಾ ಹಿಂದೆ, ಮೋಡಗಳನ್ನು ಜನ ಹೆಸರು ಹಿಡಿದು ಕರೆಯುತ್ತಿದ್ದ ಕಾಲದಲ್ಲಿ, ಏಳು ಬೆಟ್ಟಗಳ ಆಚೆ ಗೊಂಡೆಪುರವೆಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಹೂವಿಗಿದ್ದ ಮರ್ಯಾದೆ ಇನ್ನಾವುದಕ್ಕೂ ಇರಲಿಲ್ಲ. ರಾಜ ಕಿರೀಟ ಮರೆತು ಸಭೆಗೆ ಬಂದರೆ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಪೇಟದಲ್ಲಿ ಹೂ ಇಲ್ಲದೆ ಬಂದರೆ ಮಾತ್ರ ಮಂತ್ರಿಗಳೇ ಅವನನ್ನು ಬಾಗಿಲಿನಿಂದ ವಾಪಸು ಕಳಿಸುತ್ತಿದ್ದರು.

ಆ ಊರಿನಲ್ಲಿ ದೊಡ್ಡೀರ, ಕೆಂಚಮ್ಮ ಎಂಬ ಅಣ್ಣ ತಂಗಿ ಇದ್ದರು. ಅಪ್ಪ ಅಮ್ಮ ತೀರಿಕೊಂಡಾಗ ಕೆಂಚಮ್ಮ ತೊಟ್ಟಿಲಲ್ಲಿದ್ದಳು. ಅವಳಿಗೆ ಹಾಲು ಕುಡಿಸಿ, ತಲೆ ಬಾಚಿ, ಗಿಡ ನೆಡುವುದನ್ನು ಕಲಿಸಿ ದೊಡ್ಡವಳನ್ನಾಗಿ ಮಾಡಿದವನು ದೊಡ್ಡೀರ. ಆಳು ನೋಡಿದರೆ ಬಾಗಿಲಲ್ಲಿ ಹಿಡಿಯದಷ್ಟು ಎತ್ತರ, ಹೋರಿಯ ಕೊಂಬು ಹಿಡಿದು ನಿಲ್ಲಿಸುವಷ್ಟು ಶಕ್ತಿ. ಕತ್ತಲೆಯೆಂದರೆ ಮಾತ್ರ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು. ಸಂಜೆಯಾದ ಮೇಲೆ ಹಿತ್ತಲಿಗೆ ಹೋಗಬೇಕಾದರೆ ತಂಗಿಯನ್ನು ಮುಂದೆ ಬಿಟ್ಟುಕೊಂಡು ಹೋಗುತ್ತಿದ್ದ.

ಒಂದು ಬೇಸಿಗೆಯಲ್ಲಿ ಅವರ ತೋಟಕ್ಕೆ ಉರಿಮಂಡೆ ಬಂದ. ಅವನು ಮಾಂತ್ರಿಕ. ತಲೆಯ ಮೇಲೆ ಕೂದಲಿನ ಬದಲು ಬೆಂಕಿ ಉರಿಯುತ್ತಿತ್ತು, ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು.

"ಎಲೈ, ನನಗೊಂದು ಸೇವಂತಿಗೆ ಹೂ ಬೇಕು. ಈಗಲೇ," ಎಂದ.

ದೊಡ್ಡೀರ ನಕ್ಕುಬಿಟ್ಟ. "ಈ ಬಿಸಿಲಲ್ಲಿ ಎಲ್ಲಿಂದ ತರ್ಲಿ ಸ್ವಾಮಿ? ಚಳಿಗಾಲ ಬರ್ಲಿ, ಬುಟ್ಟಿ ತುಂಬ ಕೊಡ್ತೀನಿ."

"ನಕ್ಕೆಯಾ?" ಎಂದು ಉರಿಮಂಡೆ ಒಂದು ಹಿಡಿ ಬೂದಿ ಎರಚಿದ. ದೊಡ್ಡೀರ ನಿಂತಲ್ಲೇ ಜಿಂಕೆಯಾದ. ಮಾಂತ್ರಿಕ ಅದರ ಕುತ್ತಿಗೆಗೆ ಹಗ್ಗ ಹಾಕಿ ಎಳೆದುಕೊಂಡು ಹೊರಟ.

ಕೆಂಚಮ್ಮ ಅತ್ತಳು, ಆದರೆ ಅಳುತ್ತ ಕೂರಲಿಲ್ಲ. ಹೆಗಲಿಗೊಂದು ಕಂಬಳಿ, ಸೊಂಟಕ್ಕೊಂದು ಕುಡುಗೋಲು ಸಿಕ್ಕಿಸಿಕೊಂಡು ಏಳು ಬೆಟ್ಟ ಹತ್ತಿಳಿದು, ಮಾಂತ್ರಿಕನ ಕೋಟೆಯಿದ್ದ ಉರಿಗುಡ್ಡಕ್ಕೆ ಬಂದಳು. ಬಾಗಿಲಲ್ಲಿ ನಿಂತು, "ನಮ್ಮಣ್ಣನ್ನ ಬಿಡಿ ಸ್ವಾಮಿ," ಎಂದು ಕೂಗಿದಳು. ಮೂರು ದಿನ ಬಿಡದೆ ಕೂಗಿದಳು. ನಾಲ್ಕನೆಯ ದಿನ ಉರಿಮಂಡೆ ನಿದ್ದೆಗೆಟ್ಟು ಕೆಳಗಿಳಿದು ಬಂದ.

"ನನ್ನ ಅಂಗಳದಲ್ಲಿ ಇವತ್ತಿನವರೆಗೆ ಒಂದು ಹೂ ಅರಳಿಲ್ಲ. ನಾನು ಕೊಟ್ಟಿದ್ದರಲ್ಲಿ ಮೂರು ಬಗೆಯ ಹೂ ಬೆಳೆಸು. ಬರುವ ಯುಗಾದಿಯೊಳಗೆ ಮೂರೂ ಅರಳಿದರೆ ನನ್ನ ಮಂಡೆಯ ಉರಿ ಆರಲಿ, ನಿನ್ನಣ್ಣ ಮನುಷ್ಯನಾಗಲಿ. ಅರಳದಿದ್ದರೆ ಅವನು ಸಾಯುವತನಕ ಜಿಂಕೆ," ಎಂದು ತಲೆ ಮುಟ್ಟಿ ಆಣೆಯಿಟ್ಟ. ಮಾಂತ್ರಿಕರು ಏನು ಬೇಕಾದರೂ ಮುರಿಯಬಲ್ಲರು, ತಲೆ ಮುಟ್ಟಿ ಇಟ್ಟ ಆಣೆಯನ್ನು ಮಾತ್ರ ಮುರಿಯಲಾರರು. ಈ ಹುಡುಗಿಯ ಕೈಲಿ ಏನಾದೀತು ಎಂಬ ಧೈರ್ಯ ಅವನದು.

ಮೊದಲನೆಯದಕ್ಕೆ ಅವನು ಒಂದು ಹಳೆಯ ಚೆಂಡುಹೂವಿನ ಹಾರ ಎಸೆದ. ಯಾವ ಕಾಲದ್ದೋ ಏನೋ, ಒಣಗಿ ಕಂದಿ, ಮುಟ್ಟಿದರೆ ಪುಡಿಯಾಗುವ ಹಾಗಿತ್ತು.

"ಬೀಜ ಗೀಜ ಕೊಡುವವನಲ್ಲ ನಾನು. ಈ ಸತ್ತ ಹಾರದಿಂದ ಜೀವಂತ ಹೂ ಬೆಳೆಸು," ಎಂದು ಗಹಗಹಿಸಿದ.

ಕೆಂಚಮ್ಮನಿಗೆ ನಗು ತಡೆಯಲಾಗಲಿಲ್ಲ. ಆದರೆ ಅಣ್ಣ ನಕ್ಕು ಕೆಟ್ಟದ್ದು ನೆನಪಾಗಿ ಸೆರಗು ಬಾಯಿಗೆ ಒತ್ತಿಕೊಂಡು ಅಳುವ ಹಾಗೆ ಹೆಗಲು ಕುಣಿಸಿದಳು. ಮಂತ್ರ ಕಲಿತವನಿಗೆ ತೋಟದ ಮಕ್ಕಳಿಗೆ ಗೊತ್ತಿರುವಷ್ಟೂ ಗೊತ್ತಿರಲಿಲ್ಲ. ಅವನು ಅತ್ತ ಹೋದ ಮೇಲೆ ಒಣಹೂವುಗಳನ್ನು ಒಂದೊಂದಾಗಿ ಬಿಡಿಸಿದಳು. ಎಸಳಿನ ಬುಡದಲ್ಲಿ ತೆಳ್ಳಗೆ, ಕಪ್ಪಗೆ, ಸೂಜಿಯ ತುಂಡಿನಂಥ ಬೀಜಗಳು ನೂರಾರು ಇದ್ದವು. ಮೊದಲ ಮಳೆಗೆ ಬಿತ್ತಿದಳು. ಮೊಳಕಾಲೆತ್ತರ ಬಂದಾಗ ಕುಡಿ ಚಿವುಟಿದಳು, ಒಂದೊಂದು ಗಿಡವೂ ಹತ್ತು ಕೊಂಬೆಯಾಯಿತು. ಆಷಾಢ ಮುಗಿಯುವಷ್ಟರಲ್ಲಿ ಅಂಗಳದ ಒಂದು ಮೂಲೆಯೆಲ್ಲ ಅರಿಸಿನ ಚೆಲ್ಲಿದ ಹಾಗೆ ಅರಳಿ ನಿಂತಿತು.

ಉರಿಮಂಡೆ ಹಲ್ಲು ಕಡಿದ. ಎರಡನೆಯದಕ್ಕೆ ಒಂದು ಡೇರೆ ಹೂವಿನ ಗೆಡ್ಡೆ ತಂದ. ನೋಡಲು ಗೆಣಸಿನ ಹಾಗಿತ್ತು. ಅದರ ಜೊತೆಗೆ ಆನೆಯ ಗಾತ್ರದ ಒಂದು ಮುಳ್ಳುಹಂದಿಯನ್ನೂ ಅಂಗಳಕ್ಕೆ ಬಿಟ್ಟ. ನೆಲದೊಳಗೆ ಎಲ್ಲೇ ಗೆಡ್ಡೆಯಿದ್ದರೂ ವಾಸನೆ ಹಿಡಿದು ಅಗೆದು ತಿನ್ನುವುದೇ ಅದರ ಕಸುಬು.

ಕೆಂಚಮ್ಮ ಗೆಡ್ಡೆ ಹೂತು ಕೈ ಕೊಡವುವಷ್ಟರಲ್ಲಿ ಮುಳ್ಳುಹಂದಿ ಬಂದು ನಿಂತಿತು. "ಪಕ್ಕಕ್ಕೆ ಸರಿ, ನಂಗೆ ಹಸಿವು," ಎಂದಿತು.

"ತಿನ್ನು, ಯಾರು ಬೇಡ ಅಂದ್ರು? ಈಗ ತಿಂದ್ರೆ ಒಂದೇ ಒಂದು. ಹೂ ಬಿಟ್ಟು ಗಿಡ ಒಣಗೋವರ್ಗೂ ತಡೆದ್ರೆ ಬುಡದಲ್ಲಿ ಹತ್ತು ಇರುತ್ತೆ. ನಿಂಗೆ ಒಂಬತ್ತು, ನಂಗೆ ಒಂದು," ಎಂದಳು ಕೆಂಚಮ್ಮ.

ಮುಳ್ಳುಹಂದಿ ಕೂತು ಯೋಚಿಸಿತು. ಅದರ ಜೊತೆ ಇಲ್ಲಿಯವರೆಗೆ ಯಾರೂ ವ್ಯವಹಾರ ಮಾತಾಡಿರಲಿಲ್ಲ. ಎಲ್ಲರೂ ಕಿರುಚಿ ಓಡುತ್ತಿದ್ದರು, ಅಷ್ಟೆ.

"ಇನ್ನೊಂದು ಮಾತು. ಗಿಡ ಎತ್ತರಕ್ಕೆ ಹೋದ್ರೆ ಹೂವಿನ ಭಾರಕ್ಕೆ ಮುರಿದು ಬೀಳುತ್ತೆ. ಆಸರೆಗೆ ಊರುಗೋಲು ಬೇಕು. ನಿನ್ನ ಉದುರಿದ ಮುಳ್ಳು ನಾಲ್ಕು ಕೊಡ್ತೀಯಾ? ಅಷ್ಟು ನೇರವಾದ ಕೋಲು ನಾನು ನೋಡೇ ಇಲ್ಲ," ಎಂದಳು.

ಮುಳ್ಳುಹಂದಿಗೆ ನಾಚಿಕೆಯಾಯಿತು. ಉದುರಿದ್ದು ಯಾಕೆ ಎಂದು ಬೆನ್ನಿನಿಂದಲೇ ನಾಲ್ಕು ಒಳ್ಳೆಯ ಮುಳ್ಳು ಕಿತ್ತುಕೊಟ್ಟಿತು. ಅವತ್ತಿನಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಿಡ ಕಾಯಿತು. ಇಲಿಯೊಂದು ಹತ್ತಿರ ಸುಳಿಯುವ ಹಾಗಿರಲಿಲ್ಲ. ನವರಾತ್ರಿಯ ಹೊತ್ತಿಗೆ ತಟ್ಟೆಯಗಲದ ಕೆಂಪು ಡೇರೆ ಹೂಗಳು ಮುಳ್ಳಿಗೆ ಒರಗಿಕೊಂಡು ಅರಳಿದವು.

ಎರಡು ಸಲ ಸೋತ ಮೇಲೆ ಉರಿಮಂಡೆಗೆ ಬುದ್ಧಿ ಬಂತು. ಈ ಹುಡುಗಿಯನ್ನು ಕೆಟ್ಟದ್ದು ಕೊಟ್ಟು ಸೋಲಿಸಲು ಆಗುವುದಿಲ್ಲ, ಒಳ್ಳೆಯದು ಕೊಟ್ಟೇ ಸೋಲಿಸಬೇಕು ಎಂದುಕೊಂಡ. ಮೂರನೆಯದಕ್ಕೆ ಬೇರು ಸಮೇತ ಹತ್ತು ಸೇವಂತಿಗೆ ಮರಿಗಳನ್ನು ತಂದ. ಒಂದಕ್ಕಿಂತ ಒಂದು ಚೆಂದ. ಗೊಬ್ಬರ ಕೊಟ್ಟ, ನೀರು ಕೊಟ್ಟ. ಜಿಂಕೆಯನ್ನು ತಂದು ಹೂಮಡಿಯ ಪಕ್ಕದ ಕಂಬಕ್ಕೆ ಉದ್ದನೆಯ ಹಗ್ಗದಲ್ಲಿ ಕಟ್ಟಿದ. ಆಮೇಲೆ ತನ್ನ ತಲೆಯಿಂದಲೇ ಒಂದು ಕಿಡಿ ತೆಗೆದು ಹಣತೆ ಹಚ್ಚಿಕೊಟ್ಟ.

"ಪಾಪ, ನಿನ್ನಣ್ಣನಿಗೆ ಕತ್ತಲೆಯೆಂದರೆ ಭಯವಂತೆ. ಇದನ್ನು ಅವನ ಮುಂದಿಡು. ಈ ದೀಪ ಉರಿಯುವವರೆಗೆ ನೀನು ಯಾರೆಂಬುದು ಅವನಿಗೆ ನೆನಪಿರುತ್ತದೆ. ಆರಿದರೆ ಬರೀ ಜಿಂಕೆ. ಹತ್ತು ಗಿಡವೂ ಅರಳಬೇಕು, ಒಂದು ಬಿಟ್ಟರೂ ಸೋತೆ," ಎಂದ.

ಕೆಂಚಮ್ಮ ಆ ದೀಪಕ್ಕೆ ಕೈ ಮುಗಿದಳು. ದಿನಾ ಸಂಜೆ ಅಣ್ಣನ ಮುಂದಿಟ್ಟು ಬತ್ತಿ ಏರಿಸುತ್ತಿದ್ದಳು. ಜಿಂಕೆ ಮೂತಿಯಿಂದ ಅವಳ ತಲೆ ಸವರಿ ಮಲಗುತ್ತಿತ್ತು. ಆ ಕಣ್ಣಿನಲ್ಲಿ ಅಣ್ಣನೇ ಇದ್ದ. ಅವಳಿಗೆ ಅಷ್ಟೇ ಸಾಕಿತ್ತು.

ಗಿಡಗಳು ಸೊಂಪಾಗಿ ಬೆಳೆದವು. ಕುಡಿ ಚಿವುಟಿದಳು, ಪೊದೆ ಕಟ್ಟಿದವು. ಕಾರ್ತಿಕ ಕಳೆಯಿತು, ಮಾರ್ಗಶಿರ ಕಳೆಯಿತು. ಎಲೆಯ ಮೇಲೆ ಎಲೆ ಬಂತು, ಮೊಗ್ಗಿನ ಸುಳಿವಿಲ್ಲ. ಸೇವಂತಿಗೆ ಚಳಿಗೆ ಅರಳುತ್ತದೆ ಎಂದು ಗೊಂಡೆಪುರದಲ್ಲಿ ತಲೆತಲಾಂತರದಿಂದ ನಂಬಿದ್ದರು. ಹಾಗಾಗಿ ಕೆಂಚಮ್ಮ ಇನ್ನೂ ಚಳಿ ಸಾಲದೇನೋ ಎಂದು ಬೆಳಗಿನ ಜಾವದ ಹಳ್ಳದ ನೀರು ತಂದು ಹೊಯ್ದಳು. ಕೈ ಮರಗಟ್ಟಿತು, ಗಿಡ ಮಾತ್ರ ಮೊಗ್ಗು ಕಟ್ಟಲಿಲ್ಲ.

ಪುಷ್ಯ ಮಾಸದ ಒಂದು ಬೆಳಿಗ್ಗೆ ಕಳೆ ಕೀಳುತ್ತಿದ್ದವಳು ಕುಡುಗೋಲು ಬಿಟ್ಟು ಬಗ್ಗಿದಳು. ಮೂಲೆಯ ಗಿಡದಲ್ಲಿ ಮೊಗ್ಗು! ಬಟಾಣಿ ಕಾಳಿನಷ್ಟು ದಪ್ಪ, ಹಸಿರು ಹಸಿರು. ಉಳಿದ ಒಂಬತ್ತರಲ್ಲಿ ಒಂದೂ ಇಲ್ಲ. ಅದೇ ಮಣ್ಣು, ಅದೇ ನೀರು, ಅದೇ ಚಳಿ. ಇದಕ್ಕೊಂದಕ್ಕೆ ಯಾಕೆ?

ಅವಳು ಸಂಜೆಯವರೆಗೆ ಅಲ್ಲೇ ಕೂತು ನೋಡಿದಳು. ಕತ್ತಲಾಗುತ್ತ ಬಂತು, ದೀಪದ ಬೆಳಕು ಎದ್ದು ಕಂಡಿತು. ಜಿಂಕೆ ಎಂದಿನಂತೆ ದೀಪಕ್ಕೆ ಮುಖಮಾಡಿ ಮಲಗಿತು. ಅದರ ಬೆನ್ನ ನೆರಳು ಹೋಗಿ ಮೂಲೆಯ ಗಿಡದ ಮೇಲೆ ಬಿತ್ತು. ಒಂಬತ್ತು ಗಿಡಗಳು ಬೆಳಕಿನಲ್ಲಿದ್ದವು, ಒಂದು ಗಿಡ ಕತ್ತಲೆಯಲ್ಲಿತ್ತು.

ಚಳಿಗಲ್ಲ, ಉದ್ದನೆಯ ಕತ್ತಲೆಗೆ! ಊರಿನ ದೊಡ್ಡವರೆಲ್ಲ ಇಷ್ಟು ವರ್ಷ ತಪ್ಪು ತಿಳಿದಿದ್ದರು. ಕೆಂಚಮ್ಮ ಓಡಿಹೋಗಿ ಕಂಬಳಿ ತಂದು ಗಿಡಗಳಿಗೆ ಹೊದಿಸಿದಳು. ದೀಪದ ಬೆಳಕು ಕಂಬಳಿಯನ್ನು ತೂರಿಕೊಂಡು ಹೋಯಿತು. ಹಲಗೆ ನಿಲ್ಲಿಸಿದಳು, ಕಲ್ಲು ಒಟ್ಟಿದಳು, ಮುಳ್ಳುಹಂದಿಯನ್ನು ಅಡ್ಡ ಮಲಗಿಸಿದಳು, ಎಲ್ಲವನ್ನೂ ತೂರಿತು. ಯಾರಿಗಾಗಿ ಹಚ್ಚಿದ್ದೋ ಆ ಅಣ್ಣನ ಮೈಯೊಂದನ್ನು ಬಿಟ್ಟರೆ ಆ ಬೆಳಕಿಗೆ ಏನೂ ಅಡ್ಡಿಯಿರಲಿಲ್ಲ. ಅದು ಮಂತ್ರದ ದೀಪ.

ಅವಳು ಅಣ್ಣನ ಪಕ್ಕ ಕುಸಿದಳು. "ನಾನೇನ್ ಮಾಡ್ಲಿ ಅಣ್ಣ? ದೀಪ ಆರ್ಸಿದ್ರೆ ನೀನು ನನ್ನ ಮರೀತೀಯ. ಆರಿಸ್ದೇ ಇದ್ರೆ ನೀನು ಯಾವತ್ತೂ ಬರಲ್ಲ. ನನ್ನ ಕೈಲಿ ಆಗಲ್ಲ ಕಣಣ್ಣ," ಎಂದು ಅದರ ಕುತ್ತಿಗೆ ತಬ್ಬಿಕೊಂಡು ಬಿಕ್ಕಿದಳು. ಹಡೆದ ತಾಯಿಯ ಮುಖ ಅವಳಿಗೆ ನೆನಪಿರಲಿಲ್ಲ. ಅವಳ ಪಾಲಿಗೆ ತಾಯಿಯೂ ಇವನೇ, ತಂದೆಯೂ ಇವನೇ.

ಜಿಂಕೆ ಎದ್ದು ನಿಂತಿತು. ಮೂಲೆಯ ಗಿಡದ ಹತ್ತಿರ ಹೋಗಿ ಮೊಗ್ಗನ್ನು ಮೂಸಿತು. ಉಳಿದ ಗಿಡಗಳನ್ನು ಒಂದೊಂದಾಗಿ ಮೂಸಿತು. ಗೊಂಡೆಪುರದ ತೋಟದಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಸುತ್ತಲ ಕತ್ತಲೆಯ ಕಡೆ ಒಮ್ಮೆ ತಿರುಗಿತು. ಕೆಂಚಮ್ಮನ ಮುಖವನ್ನು ತುಂಬ ಹೊತ್ತು ನೋಡಿತು. ಆಮೇಲೆ ಮುಂಗಾಲು ಎತ್ತಿ ಹಣತೆಯನ್ನು ಒದ್ದು ಉರುಳಿಸಿತು.

ದೀಪ ಆರಿತು. ಕತ್ತಲೆಯಲ್ಲಿ ಜಿಂಕೆ ಬೆದರಿ ಹಗ್ಗ ಹರಿದುಕೊಂಡಿತು. ಅವಳು ಕರೆದರೆ ಕಿವಿ ನಿಮಿರಿಸಿ ದೂರ ಓಡಿತು.

ಅಲ್ಲಿಂದ ಮುಂದಿನ ಎರಡು ತಿಂಗಳು ಕೆಂಚಮ್ಮನ ಪಾಡು ಯಾರಿಗೂ ಬೇಡ. ತನ್ನನ್ನು ಎತ್ತಿ ಆಡಿಸಿದ ಅಣ್ಣ ತನ್ನ ನೆರಳು ಕಂಡರೆ ಜಿಗಿದು ಓಡುತ್ತಿದ್ದ. ಅದು ಸಾಲದೆಂಬಂತೆ, ಜಿಂಕೆಯಲ್ಲವೇ, ಚಿಗುರು ಕಂಡರೆ ಬಿಡದು. ಹಗಲೆಲ್ಲ ಹೊಂಚುಹಾಕಿ ಸೇವಂತಿಗೆ ತಿನ್ನಲು ಬರುತ್ತಿತ್ತು.

"ಹೋಗಣ್ಣ ಅತ್ಲಾಗೆ! ನಿನ್ನ ಬಿಡಿಸೋಕೆ ಬೆಳೆಸಿರೋ ಹೂವನ್ನ ನೀನೇ ಮೇಯ್ತೀಯಾ?" ಎಂದು ಕೋಲು ಬೀಸಿ ಅಟ್ಟುತ್ತಿದ್ದಳು. ಅಟ್ಟಿ ಬಂದು ಅಳುತ್ತಿದ್ದಳು. ಮುಳ್ಳುಹಂದಿ ಮಡಿಯ ಸುತ್ತ ಸುರುಳಿ ಮಲಗಿ ತಾನೇ ಬೇಲಿಯಾಯಿತು.

ಆದರೆ ಕತ್ತಲೆ ತನ್ನ ಕೆಲಸ ಮಾಡಿತು. ಹತ್ತು ದಿನಕ್ಕೆ ಎರಡನೆಯ ಗಿಡದಲ್ಲಿ ಮೊಗ್ಗು ಕಂಡಿತು, ಹದಿನೈದಕ್ಕೆ ಐದರಲ್ಲಿ, ತಿಂಗಳು ತುಂಬುವಷ್ಟರಲ್ಲಿ ಹತ್ತರಲ್ಲೂ. ಮೊಗ್ಗಿನ ತುದಿಯಲ್ಲಿ ಹಳದಿ ಇಣುಕಿತು. ಯುಗಾದಿಗೆ ಒಂದೇ ದಿನವಿತ್ತು, ಒಂಬತ್ತು ಗಿಡ ಅರಳಿದ್ದವು. ಹತ್ತನೆಯದರ ಮೊಗ್ಗು ಇನ್ನೂ ಬಿಗಿದುಕೊಂಡಿತ್ತು.

ಬೆಳಗಾಯಿತು. ಉರಿಮಂಡೆ ಕೈ ಉಜ್ಜಿಕೊಳ್ಳುತ್ತ ಮೆಟ್ಟಿಲಿಳಿದ. "ಒಂದು, ಎರಡು, ಮೂರು..." ಎಂದು ಎಣಿಸುತ್ತ ಬಂದ. "ಒಂಬತ್ತು," ಎಂದು ಬಾಯ್ತುಂಬ ನಗುತ್ತ ಕೊನೆಯ ಗಿಡದ ಮೇಲೆ ಬಾಗಿದ. ಅವನ ಕಣ್ಣೆದುರಿಗೇ, ಎಳೆಬಿಸಿಲು ತಾಗಿ, ಮೊಗ್ಗು ಮೆಲ್ಲಗೆ ಬಿಚ್ಚಿಕೊಂಡು ಹೂವಾಯಿತು.

"ಹತ್ತು," ಎಂದಳು ಕೆಂಚಮ್ಮ.

ಫಕ್ಕನೆ ಅವನ ತಲೆಯ ಉರಿ ಆರಿತು. ಬೆಂಕಿ ಹೋದ ಮೇಲೆ ನೋಡಿದರೆ ಅಲ್ಲಿದ್ದವನು ಬೋಳುತಲೆಯ ಒಬ್ಬ ಬಡಕಲು ಮುದುಕ. ಅವನು ತಲೆ ಮುಟ್ಟಿಕೊಂಡ, ಮತ್ತೆ ಮತ್ತೆ ಮುಟ್ಟಿಕೊಂಡ. "ಅಬ್ಬಾ, ತಣ್ಣಗಿದೆ," ಎಂದು ನೆಲದ ಮೇಲೆ ಕೂತು, ಮಗುವಿನ ಹಾಗೆ ಕುಡಿಯಲು ನೀರು ಕೇಳಿದ. ಮುಳ್ಳುಹಂದಿ ಕುಗ್ಗಿ ಕುಗ್ಗಿ ಎಲ್ಲ ಮುಳ್ಳುಹಂದಿಗಳಷ್ಟಾಯಿತು. ಹಾಗಾದದ್ದಕ್ಕೆ ಅದಕ್ಕೇನೂ ಬೇಜಾರಿರಲಿಲ್ಲ, ಒಂಬತ್ತು ಡೇರೆ ಗೆಡ್ಡೆ ಈಗ ಹಬ್ಬದೂಟದಷ್ಟಾದವು.

ಕೆಂಚಮ್ಮ ಅದ್ಯಾವುದನ್ನೂ ನೋಡಲಿಲ್ಲ. ಜಿಂಕೆ ನಿಂತಿದ್ದ ಕಡೆ ಈಗ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಅವನ ಕಣ್ಣು ಅವಳ ಮೇಲೆ ಬಿತ್ತು, ದಾಟಿ ಹೋಯಿತು. ಗುರುತಿಲ್ಲದ ಕಣ್ಣು.

ಅವನು ನಿಧಾನವಾಗಿ ಹೂಮಡಿಯ ಕಡೆ ತಿರುಗಿದ. ಬಗ್ಗಿ ಎಲೆ ಮಗುಚಿ ನೋಡಿದ, ಬುಡದ ಮಣ್ಣು ಒತ್ತಿ ನೋಡಿದ, ಗಿಡದಿಂದ ಗಿಡಕ್ಕೆ ಗೇಣು ಹಾಕಿ ಅಳೆದ. ಹುಬ್ಬು ಗಂಟಾಯಿತು.

"ಅಲ್ಲ ಕಣೇ ಕೆಂಚಿ, ಸೇವಂತಿಗೆನ ಯಾರಾದ್ರೂ ಇಷ್ಟು ಒತ್ತೊತ್ತಾಗಿ ನೆಡ್ತಾರೇನೇ? ನಾನು ನಿಂಗೆ ಕಲಿಸಿದ್ದು ಇದೇನಾ?" ಎಂದ.

ಬೈಗುಳ ಕೇಳಿ ಅಷ್ಟು ಸಂತೋಷಪಟ್ಟವರು ಆ ಏಳು ಬೆಟ್ಟಗಳ ಸುತ್ತ ಇನ್ನೊಬ್ಬರಿಲ್ಲ. ಕೆಂಚಮ್ಮ ಓಡಿ ಬಂದು ಅವನ ಎದೆಗೆ ಗುದ್ದಿದಳು, ಗುದ್ದುತ್ತಲೇ ಅತ್ತಳು, ಅಳುತ್ತಲೇ ನಕ್ಕಳು. ಅಣ್ಣ ತಂಗಿ ಊರಿಗೆ ಮರಳಿದರು. ಗೊಂಡೆಪುರದಲ್ಲಿ ಅವತ್ತಿನಿಂದ ಸಂಜೆಯಾದ ಮೇಲೆ ಸೇವಂತಿಗೆ ತೋಟದ ಹತ್ತಿರ ಯಾರೂ ದೀಪ ಹಚ್ಚುತ್ತಿರಲಿಲ್ಲ. ಆ ಕತ್ತಲೆಯ ಬದುವಿನ ಮೇಲೆ ಕಾವಲು ಕೂರುತ್ತಿದ್ದವನು ದೊಡ್ಡೀರ. ಒಬ್ಬನೇ ಕೂರುತ್ತಿದ್ದ, ಹಾಡು ಹೇಳಿಕೊಳ್ಳುತ್ತ ಕೂರುತ್ತಿದ್ದ. ಅಣ್ಣ ತಂಗಿ, ಊರವರೆಲ್ಲ ಹಾಗೆ ನೂರು ವರ್ಷ ಹೂ ಮುಡಿದು ಬಾಳಿದರು.