ಕೆಂಚನ ಜೂಲಿನ ಎಳೆ

"ಕೈ ತೆಗಿ! ಅದು ಕುದುರೆ, ಕಲ್ಲುಬಂಡೆ ಅಲ್ಲ!"

ಯಂಜಿಮಾ ಕಿರುಚಿದ ರಭಸಕ್ಕೆ ಬೆಟ್ಟದಾಚೆ ತೋಳಗಳೂ ಬಾಲ ಮುದುರಿಕೊಂಡ್ವು! ಕೆಂಚನ ಹೆಗಲು ಒತ್ತುತ್ತಿದ್ದ ದಗ್ವ ಬೆಚ್ಚಿಬಿದ್ದ.

"ಅಲ್ಲ... ನೋವು ಎಲ್ಲಿ ಅಂತ ತೋರಿಸ್ತಿದ್ದೆ..."

"ಅದನ್ನ ಕೆಂಚನೇ ಹೇಳ್ತಾನೆ. ನೀನು ಆ ಕಡೆ ಹೋಗು ಮಾರಾಯ!"

ಗುಡಾರಾನ ಒಬ್ಬನೇ ಹೊತ್ಕೊಂಡು ಹೋಗೋ ಅಂಥ ಗಂಡು, ಕಿವಿ ಕೆಂಪಗೆ ಮಾಡ್ಕೊಂಡು ಪಕ್ಕಕ್ಕೆ ನಿಂತ. ಯಂಜಿಮಾ ಕುದುರೆಗಳ ನೋವು ಒತ್ತಿ ತೆಗೆಯೋಳು. ನಾನು ಅವಳ ಪಕ್ಕದ ಗುಡಾರದ ಮುದುಕಿ, ಚಹಾದ ಆಸೆಗೆ ಜೊತೇಲಿ ಹೋಗಿದ್ದೆ. ಎಲ್ಲಾ ನೋಡಿದೆ!

ಕೆಂಚ ದಗ್ವನ ಸತ್ತ ಅಪ್ಪನ ಕುದುರೆ. ಮುದಿ ಪ್ರಾಣಿ. ಹುಲ್ಲಲ್ಲಿ ಕಾಣದ ಬಿಲಕ್ಕೆ ಕಾಲು ಸಿಕ್ಕಿಸ್ಕೊಂಡು ಹೆಗಲು ಹಾಳಾಗಿತ್ತು.

ದಗ್ವನ ಅಣ್ಣ ಚೋಯ್ಜಿಲ್ ಮೊದಲೇ ಹೇಳಿಬಿಟ್ಟಿದ್ದ: "ಮೊದಲ ಹಿಮ ಬೀಳೋದ್ರೊಳಗೆ ಕಾಲೂರಿದ್ರೆ ಸರಿ. ಇಲ್ಲಾಂದ್ರೆ ಚಳಿಗಾಲಕ್ಕೆ ಮಾಂಸ!"

ಯಂಜಿಮಾ ದಿನಾ ಹೋದಳು. ಬಿಸಿ ಮಾಡಿದ ಕುರಿಬಾಲದ ಕೊಬ್ಬು ಹಚ್ಚಿ, ಗಂಟು ಹುಡುಕಿ, ಮೆಲ್ಲಗೆ ಒತ್ತೋಳು. ಕೆಂಚ ಕಣ್ಣು ಮುಚ್ಚಿ ತುಟಿ ಚಪ್ಪರಿಸೋನು.

"ಹಸಿವಾ?" ಅಂದ ದಗ್ವ.

"ಅಲ್ಲ ಪೆದ್ದ. ಒಳಗಿನ ಗಂಟು ಬಿಟ್ಟಾಗ ಕುದುರೆ ಹೀಗೇ ಮಾಡೋದು."

'ಇಷ್ಟು ದಿನ ಆಯ್ತು... ಕೆಂಚನ ನೋವು ಕೇಳ್ತಾನೆ, ನನ್ನ ಬಗ್ಗೆ ಒಂದು ಮಾತು ಕೇಳಬಾರದಾ!' ಅಂತ ಅವಳೊಳಗೆ ಬೇರೆ ಗಂಟು.

ಹಿಮ ಬಿದ್ದೇಬಿಡ್ತು. ಕೆಂಚ ಇನ್ನೂ ಕುಂಟುತ್ತಿದ್ದ.

ಬೆಳಿಗ್ಗೆ ಯಂಜಿಮಾ ಕುದುರೆ ಓಡಿಸ್ಕೊಂಡು ಹೋದರೆ... ಚೋಯ್ಜಿಲ್ ದೊಡ್ಡ ಹಂಡೆಯಲ್ಲಿ ನೀರು ಕಾಯಿಸ್ತಿದ್ದ. ದಗ್ವ ಚಾಕು ಹಿಡಿದು ಕೆಂಚನ ಕೊರಳ ಜೂಲಿನಿಂದ ಒಂದು ಎಳೆ ಕತ್ತರಿಸ್ತಿದ್ದ!

ನಮ್ಮಲ್ಲಿ ಕುದುರೆ ಮನೆ ಬಿಟ್ಟು ಹೋಗುವಾಗ ಜೂಲಿನ ಎಳೆ ಇಟ್ಕೊಳ್ತಾರೆ, ಮನೆ ಭಾಗ್ಯ ಅದರ ಹಿಂದೆ ಹೋಗಬಾರದು ಅಂತ. ಸತ್ತರೂ ಅಷ್ಟೇ, ಬೇರೆಯವರ ಪಾಲಾದರೂ ಅಷ್ಟೇ.

"ನೀನೂನಾ ದಗ್ವ..." ಅವಳು ಹಿಂದೆ ಸರಿದಳು.

"ಯಂಜಿಮಾ, ನಿಲ್ಲು! ಕೇಳು!"

ಎಲ್ಲಿ ಕೇಳ್ತಾಳೆ? ತನ್ನ ಕುದುರೆ ಹತ್ತಿ ಹೊರಟೇಬಿಟ್ಟಳು.

ನನ್ನ ಗುಡಾರಕ್ಕೆ ಬಂದು ಒಂದು ಕೆರೆ ತುಂಬೋವಷ್ಟು ಅತ್ತಳು.

"ನನ್ನ ಕೈ ಸೋತೋಯ್ತು ಅಜ್ಜಿ..."

"ಕೈ ಸೋತಿದ್ದಕ್ಕೆ ಅಳ್ತಿದ್ದೀಯೋ, ಮನಸ್ಸು ಸೋತಿದ್ದಕ್ಕೋ?"

"ಅಜ್ಜೀ!"

ಸಂಜೆಗೆ ಮುಂಚೆ ನಾಯಿಗಳು ಬೊಗಳಿದ್ವು. ಇಣುಕಿದರೆ, ದಗ್ವ ನಡ್ಕೊಂಡು ಬರ್ತಿದ್ದಾನೆ! ನಮ್ಮ ಗಂಡಸರು ಬಾಗಿಲಿಂದ ಒಲೆಗೆ ಹೋಗೋಕೂ ಕುದುರೆ ಹತ್ತೋರು! ಅವನ ಹಿಂದೆ ಕುಂಟುತ್ತಾ ಕುಂಟುತ್ತಾ... ಕೆಂಚ. ಕೊರಳಲ್ಲಿ ನೀಲಿ ರೇಷ್ಮೆ ಪಟ್ಟಿ. ಉಡುಗೊರೆ ಕುದುರೆಗೆ ಕಟ್ಟೋದು ಅದು.

ಯಂಜಿಮಾ ಬರಿಗಾಲಲ್ಲೇ ಹಿಮಕ್ಕೆ ಇಳಿದಳು. ಕೆಂಚನ ಕೊರಳು ತಬ್ಬಿಕೊಂಡಳು.

"ಬದುಕಿದ್ದೀಯಾ... ಬದುಕಿದ್ದೀಯಲ್ಲೋ..."

"ಕೆಂಚನ್ನ ನಿನಗೆ ಕೊಡೋಕೆ ಅಂತಲೇ ಆ ಎಳೆ ತೆಗೆದಿದ್ದು," ಅಂದ ದಗ್ವ. "ಇವನು ಇನ್ನು ಯಂಜಿಮಾಳವನು, ಚಾಕು ಹಾಕೋ ಹಾಗಿಲ್ಲ ಅಂತ ಅಣ್ಣನಿಗೆ ಹೇಳಿದೆ."

"ಅವನೇನಂದ?"

"ಹಾಗಾದ್ರೆ ನೀನೂ ಅದರ ಹಿಂದೇನೇ ಹೋಗು ಅಂದ."

ಅವಳು ಕೆಂಚನ ಹೆಗಲು ಸವರಿ ನೋಡಿದಳು.

"ಈ ಹೆಗಲು ಪೂರ್ತಿ ವಾಸಿ ಆಗಲ್ಲ ದಗ್ವ. ಈ ಚಳಿ ದಾಟ್ತಾನೋ ಇಲ್ವೋ..."

"ಗೊತ್ತು. ಹೋದರೂ ನಿನ್ನ ಕೈ ಇವನ ಮೇಲೆ ಇರಲಿ."

ಅಂಗಿಯೊಳಗಿಂದ ಜೂಲಿನ ಎಳೆ ತೆಗೆದು ಅವಳ ಮುಂದೆ ಹಿಡಿದ.

"ಹುಚ್ಚಾ ನಿನಗೆ! ಇದು ಕುದುರೆ ಕೊಟ್ಟೋರ ಮನೇಲಿ ಇರಬೇಕು. ನಿನ್ನ ಮನೆ ಭಾಗ್ಯ ಇದು!"

"ನನ್ನ ಮನೆ ಎಲ್ಲಿದೆ ಈಗ?" ಅಂದ ಅವನು. "ನೀನೇ ಹೇಳು ಯಂಜಿಮಾ..."

ಅವಳು ಎಳೆ ಇಸ್ಕೊಂಡಳು. ಇನ್ನೊಂದು ಕೈ ಅವನ ಹೆಗಲ ಮೇಲಿಟ್ಟಳು. ಆ ಹೆಗಲು ಚಳಿಗೆ ಮರಗಟ್ಟಿತ್ತು. ಕೆಂಚನಿಗೆ ಒತ್ತುವ ಹಾಗೇ, ಮೆಲ್ಲಗೆ ಹೆಬ್ಬೆರಳು ಊರಿದಳು.

ದಗ್ವ ಕಣ್ಣು ಮುಚ್ಚಿದ. ತುಟಿ ಚಪ್ಪರಿಸಿದ!

"ಬಿಡ್ತು ಕಣೇ, ಗಂಟು ಬಿಡ್ತು!" ಅಂತ ನಾನು ಒಳಗಿಂದ ಕೂಗಿದೆ. ಇಬ್ಬರಿಗೂ ಕೇಳಿಸಲಿಲ್ಲ.

"ಇನ್ನೂ ಗಂಟು ಇದೆ ಯಂಜಿಮಾ," ಅಂದ ಅವನು, ಕಣ್ಣು ತೆರೆಯದೇನೇ.

"ಇರಲಿ. ಚಳಿಗಾಲ ಈಗ ತಾನೇ ಶುರುವಾಗಿದೆಯಲ್ಲ..."