ಖಾಲಿ ಗೂಟದ ಬಖ್ನೂಗ್

"ತಗೊಳ್ಳಿ ತಿಜಾನಿಯವ್ರೇ, ನಿಮ್ಮ ಮ್ಯೂಸಿಯಂಗೆ ಬೇಕಿತ್ತಲ್ಲ," ಎನ್ನುತ್ತಾ ಸಾಲ್ಹಾ ತನ್ನ ಬಿಳಿ ಬಖ್ನೂಗ್ ಹೊದಿಕೆಯನ್ನು ಮಡಚಿದ್ದು ಬಿಚ್ಚದಂತೆ ಮೇಜಿನ ಮೇಲಿಟ್ಟಳು.

ತಿಜಾನಿ ಎತ್ತಿದ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಮತ್ಮಾತಾ ಊರಿನ ಒಂದೊಂದು ಅಂಗಳಕ್ಕೂ ಸೈಕಲ್ ತುಳಿದು ಹುಡುಕಿದರೂ ಸಿಗದ ವಸ್ತು ತಾನಾಗಿ ನಡೆದು ಬಂದಿತ್ತು. ಅದೂ ಯಾರ ಕೈಯಲ್ಲಿ!

ಫ್ರೆಂಚರು ದೇಶ ಬಿಟ್ಟುಹೋದ ಮೇಲೆ ಊರಿಗೊಂದು ಮ್ಯೂಸಿಯಂ ಆಗಲೇಬೇಕೆಂದು ಹಠ ಹಿಡಿದವನು ಅವನೇ. ಸರ್ಕಾರ ಒಂದು ಹಳೆಯ ಎಣ್ಣೆಗಾಣದ ಕಟ್ಟಡ ಕೊಟ್ಟು, ಅವನಿಗೆ ಕ್ಯುರೇಟರ್ ಎಂದು ಹೆಸರಿಟ್ಟು ಕೈತೊಳೆದುಕೊಂಡಿತು. ಸುಣ್ಣ ಬಳಿದವನು, ಗಾಜು ಕೂರಿಸಿದವನು, ಊರಿನ ಅಜ್ಜಿಯರನ್ನೆಲ್ಲ ಪುಸಲಾಯಿಸಿದವನು ತಿಜಾನಿ. ಮಡಕೆಯ ಕುತ್ತಿಗೆ ಮುಟ್ಟಿ ಅದು ಯಾವ ಊರಿನ ಕೈಕೆಲಸ ಎಂದು ಹೇಳುವ ಗಂಡು. ಸಾಲ್ಹಾಳ ಮುಂದೆ ಮಾತ್ರ ಅವನ ಮಾತು ಮಡಕೆ ದಾಟಿ ಮುಂದೆ ಹೋಗುತ್ತಿರಲಿಲ್ಲ.

ಅವಳ ಮನೆಯಿಂದ ಬೀಸುಕಲ್ಲು ತಂದ, ಎಣ್ಣೆದೀಪ ತಂದ, ಉಣ್ಣೆಯ ಬಾಚಣಿಗೆ ತಂದ. ಕೊನೆಗೊಂದು ದಿನ ಅವಳ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಈ ಮನೇಲಿ ಇನ್ನು ಹಳೇದು ಅಂತ ಉಳ್ದಿರೋದು ನಾನೊಬ್ಳೇ ಕಣಪ್ಪಾ. ನನ್ನೂ ಸೈಕಲ್ ಮೇಲೆ ಹೇರ್ಕೊಂಡು ಹೋಗ್ತೀಯೋ, ಇಲ್ಲಾ ಬಂದ ವಿಷಯ ಹೇಳ್ತೀಯೋ?" ತಿಜಾನಿ ಬೆವರು ಒರೆಸಿಕೊಂಡು ಒಂದು ಸೌಟು ಕೇಳಿ ತಂದಿದ್ದ.

ಮ್ಯೂಸಿಯಮ್ಮಿನ ನಡುವಿನ ಗಾಜಿನ ಪೆಟ್ಟಿಗೆಯಲ್ಲಿ ಮೂರು ಗೂಟಗಳು. ಮುದುಕಿಯರು ಹೊದೆಯುವ ಕಪ್ಪು ಬಖ್ನೂಗ್ ಸಿಕ್ಕಿತ್ತು, ಮದುವೆಯಾದವರ ಕೆಂಪೂ ಸಿಕ್ಕಿತ್ತು. ಹುಡುಗಿಯರ ಬಿಳಿಯದು ಮಾತ್ರ ಯಾವ ಮನೆಯ ಪೆಟ್ಟಿಗೆಯಲ್ಲೂ ಇಲ್ಲ. ಇರುವುದಾದರೂ ಹೇಗೆ? ಮದುವೆ ಗೊತ್ತಾದ ಕೂಡಲೇ ಅದೇ ಬಿಳಿಯದು ಬಣ್ಣದ ಹಂಡೆಗೆ ಇಳಿಯುತ್ತದೆ. ಉಣ್ಣೆ ಕೆಂಪಾಗುತ್ತದೆ, ಅದರೊಳಗೆ ಹತ್ತಿನೂಲಲ್ಲಿ ನೇಯ್ದ ಚಿತ್ತಾರ ಬಣ್ಣ ಹಿಡಿಯದೆ ಬೆಳ್ಳಗೆ ಎದ್ದು ನಿಲ್ಲುತ್ತದೆ. ಅಲ್ಲಿಯವರೆಗೆ ಬಿಳಿಯ ಮೇಲೆ ಬಿಳಿ. ಮಗಳು ಏನು ನೇಯ್ದಳೆಂದು ಹೆತ್ತ ತಾಯಿಗೂ ಕಾಣದು.

"ನಿಂಗೇ ಬೇಡ್ವಾ ಇದು?" ಎಂದ ತಿಜಾನಿ.

"ಸ್ಫಾಕ್ಸ್ ಪಟ್ಟಣದಿಂದ ಸಂಬಂಧ ಬಂದಿದೆ. ದೊಡ್ಡ ಅಂಗಡಿಯವ್ರು. ಅವರ ಮನೆ ಸೊಸೆಯರು ರೇಷ್ಮೆ ಬಿಟ್ಟು ಬೇರೆ ಹೊದಿಯಲ್ವಂತೆ." ಸಾಲ್ಹಾ ಓರೆಗಣ್ಣಿನಿಂದ ಅವನನ್ನು ಅಳೆದಳು. "ಶುಕ್ರವಾರ ಉತ್ತರ ಹೇಳ್ಬೇಕು. ನೀವಿದನ್ನ ಗಾಜಿನೊಳಗೆ ಹಾಕ್ಕೊಂಡ್ರೆ ನಂಗೂ ಒಂದು ತೀರ್ಮಾನ ಆಗುತ್ತೆ."

ತಿಜಾನಿ ಖಾಲಿ ಗೂಟ ನೋಡಿದ. ವಸಂತದಲ್ಲಿ ಗವರ್ನರ್ ಬಂದು ಬಾಗಿಲು ತೆರೆಯುವವರಿದ್ದರು. ಇಡೀ ದೇಶದಲ್ಲಿ ಯಾವ ಮ್ಯೂಸಿಯಮ್ಮಿನಲ್ಲೂ ಅವನು ಬಿಳಿಯದನ್ನು ಕಂಡಿರಲಿಲ್ಲ. ಕೈ ತಾನಾಗಿ ಹೊದಿಕೆಯ ಕಡೆ ಹೋಯಿತು. ಮತ್ತೆ ಸಾಲ್ಹಾಳ ಮುಖ ನೋಡಿದ. ಸುತ್ತಿಗೆ ಕೆಳಗಿಟ್ಟು, ಎರಡೂ ಕೈಯಿಂದ ಆ ಹೊದಿಕೆಯನ್ನು ಅವಳ ಕಡೆಗೆ ತಳ್ಳಿದ.

"ಇದು ಮ್ಯೂಸಿಯಂಗೆ ಆಗಲ್ಲ."

ಅವಳ ಹುಬ್ಬು ಮೇಲೇರಿತು. "ಯಾಕೆ? ನೇಯ್ಗೆ ಸರಿಯಿಲ್ವಾ?"

"ನೇಯ್ಗೆಗೆ ದೃಷ್ಟಿ ತೆಗೀಬೇಕು! ಆದ್ರೆ ಇಲ್ಲಿಗೆ ಬರೋದು ಕೆಲಸ ಮುಗಿಸಿದ ಸಾಮಾನು, ಸಾಲ್ಹಾ. ಇದರ ಕೆಲಸ ಇನ್ನೂ ಶುರುವೇ ಆಗಿಲ್ಲ."

"ಶುರು ಮಾಡೋರು ಯಾರಪ್ಪಾ?"

"ನಾನು." ಇಷ್ಟು ದಿನ ಮಡಕೆ ದಾಟದ ಮಾತು ಒಮ್ಮೆಗೇ ಹೊರಬಂತು. "ನಿಮ್ಮನೆಗೆ ಬೀಸುಕಲ್ಲಿಗೆ ಅಂತ ಬಂದವನಲ್ಲ ನಾನು. ಸೌಟಿಗಂತೂ ಅಲ್ವೇ ಅಲ್ಲ. ನಿನ್ನ ನೋಡೋಕೆ ಬರ್ತಿದ್ದೆ. ನೀನಂದ್ರೆ ನಂಗೆ ಪ್ರಾಣ. ಆ ಗೂಟ ಜನ್ಮಪೂರ್ತಿ ಖಾಲಿ ಇದ್ರೂ ಇರ್ಲಿ, ನಿನ್ನ ಸ್ಫಾಕ್ಸ್‌ಗೆ ಬಿಡಲ್ಲ."

"ಅಯ್ಯೋ, ಕ್ಯುರೇಟರ್ ಸಾಹೇಬ್ರಿಗೆ ಬಾಯಿ ಇದೆ!" ಎಂದಳು ಸಾಲ್ಹಾ. ನಗು ಕೆನ್ನೆಗೇರಿತು, ಕಣ್ಣು ಮಾತ್ರ ತುಂಬಿಕೊಂಡಿತ್ತು. ಹೊದಿಕೆಯನ್ನು ಬಿಡಿಸಿ ಅವನ ಮುಂದೆ ಹಾಸಿದಳು. "ಕಣ್ಣು ಮುಚ್ಚಿ. ಬೆರಳಲ್ಲಿ ಓದಿ ನೋಡೋಣ."

ತಿಜಾನಿಯ ಬೆರಳು ನಿಧಾನವಾಗಿ ಸರಿಯಿತು. "ಮೀನು... ಬಾಚಣಿಗೆ... ಮತ್ತೆ ಮೀನು." ಬೆರಳು ನಿಂತಿತು. ಎರಡು ವಜ್ರಾಕೃತಿ, ನಡುವೆ ಓರೆ ಗೆರೆ, ಮೇಲೊಂದು ಸಣ್ಣ ಕೊಂಬು. "ಇದ್ಯಾವ ಚಿತ್ತಾರ? ನಾನೆಲ್ಲೂ ನೋಡಿಲ್ಲ."

"ನೋಡಿಲ್ವಾ? ದಿನಾ ಅದರ ಮೇಲೇ ಕೂತು ಬರ್ತೀರಿ!"

ತಿಜಾನಿ ಕಣ್ಣು ತೆರೆದ. ಹೊರಗೆ ಗೋಡೆಗೆ ಒರಗಿದ್ದ ತನ್ನ ಸೈಕಲ್ ನೋಡಿದ, ಹೊದಿಕೆ ನೋಡಿದ. "ಯಾವಾಗ ನೇಯ್ದೆ ಇದನ್ನ?"

"ನೀವು ಸೌಟು ಕೇಳಿದ ದಿನ. ಇಂಥ ದಡ್ಡ ಇನ್ನೊಬ್ಬ ಸಿಗಲ್ಲ ಅನ್ನಿಸ್ತು."

"ನಾನಿದನ್ನ ಇಟ್ಕೊಂಡುಬಿಟ್ಟಿದ್ರೆ?"

"ಗಾಜಿನೊಳಗೆ ಯಾರಿಗೂ ಕಾಣ್ತಿರ್ಲಿಲ್ಲ," ಎಂದಳು. ಆ ಸೈಕಲ್ಲಿನ ಚಿತ್ತಾರವನ್ನು ಬೆರಳಲ್ಲಿ ಸವರಿದಳು. "ನಾನೂ ಬಾಯಿಬಿಡ್ತಿರ್ಲಿಲ್ಲ."

ವಸಂತ ಬಂತು. ಗವರ್ನರ್ ರಿಬ್ಬನ್ ಕತ್ತರಿಸಿ, ಮಡಕೆ ಮೆಚ್ಚಿ, ಸೌಟನ್ನೂ ಮೆಚ್ಚಿ, ನಡುವಿನ ಪೆಟ್ಟಿಗೆಯ ಮುಂದೆ ನಿಂತರು. ಕಪ್ಪು ಇತ್ತು, ಕೆಂಪು ಇತ್ತು. ಮೊದಲನೇ ಗೂಟ ಖಾಲಿ. ಅದರ ಕೆಳಗಿನ ಚೀಟಿಯನ್ನು ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"ಬಿಳಿ ಬಖ್ನೂಗ್. ಸಿಕ್ಕಿತ್ತು. ಈಗ ಕೆಂಪಾಗಿದೆ."

"ಏನ್ರೀ ಇದು?" ಎಂದು ಅವರು ತಿಜಾನಿಯ ಕಡೆ ತಿರುಗುವಷ್ಟರಲ್ಲಿ ಹಿಂದಿದ್ದ ಹೆಂಗಸರೆಲ್ಲ ನಾಲಿಗೆ ಆಡಿಸಿ ಮದುವೆಮನೆಯ ಕೇಕೆ ಹಾಕಿದರು. ಅಜ್ಜಿ ಮೊಮ್ಮಗಳ ಭುಜ ಹಿಡಿದು ಮುಂದಕ್ಕೆ ತಂದಳು, ಗವರ್ನರಿಗೆ ಬೆನ್ನು ಕಾಣುವಂತೆ ತಿರುಗಿಸಿ ನಿಲ್ಲಿಸಿದಳು.

ಸಾಲ್ಹಾಳ ಕೆಂಪು ಹೊದಿಕೆಯ ಮೇಲೆ, ಮೀನುಗಳ ನಡುವೆ, ಇಡೀ ಊರಿಗೆ ಕಾಣುವಂತೆ ಒಂದು ಬಿಳೀ ಸೈಕಲ್ಲು.